ಗೆದ್ದದ್ದು ಗಾಡಿಯೋ ಚಾಲಕನೋ: ಫಾರ್ಮುಲಾ ಒನ್ ರೇಸಿನ ಮರುದಿನದ ವಾದಕ್ಕೆ ಒಂದಿಷ್ಟು ಹಿನ್ನೆಲೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿಯಲ್ಲಿ ಸೋಮವಾರ ಬೆಳಿಗ್ಗೆ ಕ್ರಿಕೆಟ್ಟಿನ ಮಾತು ಬಿಟ್ಟರೆ ರಾಜಕಾರಣದ ಮಾತು ಮಾತ್ರ ಕೇಳಿಬರುತ್ತಿದ್ದ ಕಾಲವೊಂದಿತ್ತು. ಈಗ ಅದೇ ಬೆಂಚಿನ ಮೇಲೆ ಕಾಲೇಜಿನ ಹುಡುಗರು ಕುಳಿತು, ಹಿಂದಿನ ಸಂಜೆ ಆರೂವರೆಗೆ ಮೊಬೈಲಿನಲ್ಲಿ ನೋಡಿದ ಫಾರ್ಮುಲಾ ಒನ್ ಕಾರು ರೇಸಿನ ಬಗ್ಗೆ ಗಟ್ಟಿ ದನಿಯಲ್ಲಿ ವಾದಿಸುತ್ತಾರೆ. ನಮ್ಮ ಅಕ್ಕನ ಮಗ ಅವರಲ್ಲೊಬ್ಬ. 2025ರ ಡಿಸೆಂಬರಿನಲ್ಲಿ ಅಬುಧಾಬಿಯ ಕೊನೆಯ ರೇಸ್ ಮುಗಿದು, ಮೆಕ್‌ಲಾರೆನ್ ತಂಡದ ಲ್ಯಾಂಡೋ ನಾರಿಸ್‌ಗೆ 423 ಅಂಕ, ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಪ್ಪೆನ್‌ಗೆ 421 ಅಂಕ ಎಂದು ವರ್ಷದ ಲೆಕ್ಕ ಮುಗಿದ ಮರುದಿನ ಅವನು ಮನೆಗೆ ಬಂದವನೇ, "ಮಾಮಾ, ಗಾಡಿ ಛಲೋ ಇತ್ತಂತ ನಾರಿಸ್ ಗೆದ್ದಾನ. ಮ್ಯಾಕ್ಸ್‌ಗ ಆ ಗಾಡಿ ಕೊಟ್ಟಿದ್ರ ಅರ್ಧ ವರ್ಷದಾಗೇ ಮುಗಸ್ತಿದ್ದ" ಎಂದ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದ ನಮ್ಮ ಅವ್ವ ತಲೆ ಎತ್ತದೆಯೇ, "ಹಂಗಾದ್ರ ಬಹುಮಾನ ಗಾಡಿಗೇ ಕೊಡಬೇಕಿತ್ತಲ್ಲೋ" ಎಂದಳು.

ಅವ್ವ ತಮಾಷೆಗೆ ಹೇಳಿದ ಮಾತಿನಲ್ಲಿ ಈ ಆಟದ ಇಡೀ ತೊಡಕು ಅಡಗಿದೆ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುವ ನಮ್ಮ ಕಡೆಯ ಊರುಗಳಲ್ಲಿ, ಮುಂದೆ ಬಂದ ಎತ್ತಿನ ಹೆಚ್ಚುಗಾರಿಕೆ ಅದರ ತಳಿಯದೋ, ವರ್ಷವಿಡೀ ಹಿಂಡಿ ಹೊಟ್ಟು ಹಾಕಿ ಸಾಕಿದವನದೋ, ಅಂದು ಹಗ್ಗ ಹಿಡಿದು ಓಡಿದವನದೋ ಎಂಬ ಚರ್ಚೆ ಕತ್ತಲಾಗುವವರೆಗೂ ನಡೆಯುತ್ತದೆ. ಫಾರ್ಮುಲಾ ಒನ್‌ನಲ್ಲಿಯೂ ಕಾರು, ಅದನ್ನು ಕಟ್ಟಿ ಸಾಕುವ ತಂಡ ಮತ್ತು ಓಡಿಸುವ ಚಾಲಕ ಎಂಬ ಮೂವರು ಪಾಲುದಾರರಿದ್ದಾರೆ. ರೇಸ್ ಮುಗಿದಾಗ ಪರದೆಯ ಮೇಲೆ ಬರುವ ಪಟ್ಟಿ ಈ ಮೂವರ ಪಾಲನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಬೇರ್ಪಡಿಸುವ ಕೆಲಸವನ್ನು ನೋಡುವವರೇ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ ಮೂಲ ವಿಷಯಗಳನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಗಾಡಿಗೂ ಒಂದು ಬಹುಮಾನ ಇದೆ

ಅವ್ವ ಕೇಳಿದ ಬಹುಮಾನ ನಿಜವಾಗಿಯೂ ಇದೆ. ಚಾಲಕರ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಶುರುವಾಯಿತು, ಕಾರು ಕಟ್ಟುವವರ ಚಾಂಪಿಯನ್‌ಷಿಪ್ 1958ರಲ್ಲಿ ಅದಕ್ಕೆ ಜೊತೆಯಾಯಿತು. ಪ್ರತಿ ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. 2025ರವರೆಗೆ ಹತ್ತು ತಂಡಗಳಿದ್ದವು. 2026ಕ್ಕೆ ಕ್ಯಾಡಿಲಾಕ್ ಸೇರಿ ಹನ್ನೊಂದಾಗಿ, ಓಡುವ ಕಾರುಗಳ ಸಂಖ್ಯೆ 22ಕ್ಕೆ ಏರಿತು. ಮೊನಾಕೊ ಒಂದನ್ನು ಬಿಟ್ಟರೆ ಉಳಿದ ಕಡೆ ರೇಸಿನ ಒಟ್ಟು ದೂರ 305 ಕಿಲೋಮೀಟರಿಗಿಂತ ತುಸು ಹೆಚ್ಚು. ಕಲಬುರಗಿಯಿಂದ ಹೈದರಾಬಾದಿಗೆ ಹೋಗುವುದಕ್ಕಿಂತ ಹೆಚ್ಚಿನ ಈ ದೂರವನ್ನು ಅವರು ಸಾಮಾನ್ಯವಾಗಿ ಒಂದೂವರೆ ತಾಸಿನಲ್ಲಿ ಮುಗಿಸುತ್ತಾರೆ.

ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 18, ಮೂರನೆಯವನಿಗೆ 15. ಆಮೇಲೆ 12, 10, 8, 6, 4, 2, 1 ಎಂದು ಹತ್ತನೆಯ ಸ್ಥಾನದವರೆಗೆ ಇಳಿಯುತ್ತದೆ. ಹನ್ನೊಂದನೆಯವನಿಗೂ ಕಟ್ಟಕಡೆಯವನಿಗೂ ಸಿಗುವುದು ಸೊನ್ನೆಯೇ. ವರ್ಷದ ಕೆಲವು ಕಡೆ ಶನಿವಾರ ನಡೆಯುವ ಸ್ಪ್ರಿಂಟ್ ಎಂಬ ಸಣ್ಣ ರೇಸಿಗೂ ಸ್ವಲ್ಪ ಅಂಕಗಳಿವೆ. ಇಬ್ಬರು ಚಾಲಕರ ಅಂಕಗಳನ್ನು ಕೂಡಿಸಿದರೆ ತಂಡದ ಅಂಕವಾಗುತ್ತದೆ.

ಹೀಗೆ ಎರಡು ಲೆಕ್ಕಗಳಿರುವುದರಿಂದ ಎರಡು ಉತ್ತರಗಳು ಬರುತ್ತವೆ. 2024ರಲ್ಲಿ ರೆಡ್ ಬುಲ್ ತಂಡದ ವರ್ಸ್ಟಪ್ಪೆನ್ 437 ಅಂಕ ಗಳಿಸಿ ಚಾಂಪಿಯನ್ ಆದರು. ಅವರ ಜೊತೆಗಾರ ಸೆರ್ಜಿಯೊ ಪೆರೆಜ್ ಗಳಿಸಿದ್ದು 152. ಎರಡೂ ಕೂಡಿ 589 ಆಯಿತು. ಮೆಕ್‌ಲಾರೆನ್ 666, ಫೆರಾರಿ 652 ಗಳಿಸಿದ್ದರಿಂದ ವಿಶ್ವ ಚಾಂಪಿಯನ್ನನ ತಂಡ ಮೂರನೆಯ ಸ್ಥಾನಕ್ಕೆ ಇಳಿಯಿತು. ಮನೆಯಲ್ಲಿ ಒಬ್ಬ ಮಗ ಜಿಲ್ಲೆಗೆ ಮೊದಲಿಗನಾಗಿ, ಇನ್ನೊಬ್ಬ ಹೇಗೋ ಪಾಸಾದಾಗ ಮನೆಯ ಸರಾಸರಿ ಎಷ್ಟಾಗುತ್ತದೆಯೋ ಇದೂ ಹಾಗೆಯೇ. ಆದ್ದರಿಂದ 'ಆ ತಂಡ ಮುಗಿದೇ ಹೋಯಿತು' ಎಂದವನೂ 'ಆ ತಂಡದವನೇ ಚಾಂಪಿಯನ್' ಎಂದವನೂ ಒಂದೇ ವರ್ಷದ ಬಗ್ಗೆ ಸರಿಯಾಗಿಯೇ ಮಾತನಾಡುತ್ತಿರಬಹುದು.

ತಂಡ ಎಂದರೆ ಕಾರ್ಖಾನೆ

ಕ್ರಿಕೆಟ್ ತಂಡವೆಂದರೆ ಹನ್ನೊಂದು ಆಟಗಾರರು. ಇಲ್ಲಿ ತಂಡವೆಂದರೆ ನೂರಾರು ಎಂಜಿನಿಯರುಗಳು ದುಡಿಯುವ ಒಂದು ಕಾರ್ಖಾನೆ. ಪ್ರತಿ ತಂಡವೂ ತನ್ನ ಕಾರಿನ ಒಡಲನ್ನು ತಾನೇ ವಿನ್ಯಾಸ ಮಾಡಬೇಕು, ಎಂಜಿನನ್ನೂ ಇನ್ನು ಕೆಲವು ಭಾಗಗಳನ್ನೂ ಬೇರೆಯವರಿಂದ ಕೊಳ್ಳಬಹುದು. ಮೆಕ್‌ಲಾರೆನ್ 2024 ಮತ್ತು 2025ರಲ್ಲಿ ತಂಡದ ಪ್ರಶಸ್ತಿ ಗೆದ್ದದ್ದು ಮರ್ಸಿಡಿಸ್ ಎಂಜಿನ್ ಹಾಕಿಕೊಂಡು, ಮರ್ಸಿಡಿಸ್ ತಂಡವನ್ನೇ ಹಿಂದಿಕ್ಕಿ. ಅಂದರೆ ವ್ಯತ್ಯಾಸ ಎಂಜಿನಿನಲ್ಲಿ ಇರಲಿಲ್ಲ, ಅದು ಬಹುಮಟ್ಟಿಗೆ ಗಾಳಿಯನ್ನು ಬಳಸಿಕೊಳ್ಳುವ ರೀತಿಯಲ್ಲಿತ್ತು.

ಗಾಳಿಯ ಮಾತು ಬೀದರಿನವರಿಗೆ ಬೇಗ ಅರ್ಥವಾಗಬೇಕು, ಏಕೆಂದರೆ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆ ಅಲ್ಲಿಯೇ ಇದೆ. ಆ ವಿಮಾನಗಳ ರೆಕ್ಕೆಯ ಆಕಾರವು ಹರಿಯುವ ಗಾಳಿಯಿಂದ ವಿಮಾನವನ್ನು ಮೇಲಕ್ಕೆತ್ತುತ್ತದೆ. ಅದೇ ರೆಕ್ಕೆಯನ್ನು ಬೋರಲು ಹಾಕಿ ಕಾರಿನ ಮುಂದೆಯೂ ಹಿಂದೆಯೂ ಕೂರಿಸಿದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ, ಟೈರು ರಸ್ತೆಯನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಸಾಮಾನ್ಯ ಕಾರು ಹೊರಕ್ಕೆ ಜಾರಿಹೋಗುವ ವೇಗದಲ್ಲಿ ಇವರು ತಿರುವು ದಾಟುತ್ತಾರೆ. ಈ ಒತ್ತಡವನ್ನು ಹೆಚ್ಚು ಪಡೆದು, ನೇರ ರಸ್ತೆಯಲ್ಲಿ ಗಾಳಿಯ ತಡೆಯನ್ನು ಕಡಿಮೆ ಇಟ್ಟುಕೊಳ್ಳುವುದು ವಿನ್ಯಾಸಕಾರರ ಮುಖ್ಯ ತಲೆನೋವು.

ಇದರಿಂದ ಹುಟ್ಟುವ ಇನ್ನೊಂದು ಸಂಗತಿ ರೇಸ್ ನೋಡುವವರಿಗೆ ಬಹಳ ಮುಖ್ಯ. ಹುಮನಾಬಾದ್ ಹೆದ್ದಾರಿಯಲ್ಲಿ ದೊಡ್ಡ ಲಾರಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಲಾರಿ ಸೀಳಿ ಬಿಟ್ಟ ಗಾಳಿ ಬೈಕನ್ನು ಹೇಗೆ ಅಲುಗಾಡಿಸುತ್ತದೆ ಎಂಬುದು ಗೊತ್ತು. ಮುಂದಿನ ರೇಸ್ ಕಾರು ಕಲಕಿದ ಗಾಳಿಯೂ ಹಿಂದಿನ ಕಾರಿನ ರೆಕ್ಕೆಗಳಿಗೆ ಸರಿಯಾಗಿ ತಾಗುವುದಿಲ್ಲ. ತಿರುವಿನಲ್ಲಿ ಒತ್ತಡ ತಪ್ಪುತ್ತದೆ, ಟೈರು ಜಾರಿ ಬಿಸಿಯಾಗುತ್ತದೆ. ನಿಜವಾಗಿಯೂ ವೇಗವಿರುವ ಕಾರು ನಿಧಾನದ ಕಾರಿನ ಹಿಂದೆ ಇಪ್ಪತ್ತು ಸುತ್ತು ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಅಂಥ ಚಾಲಕನನ್ನು ಕೈಲಾಗದವನು ಎಂದು ಬೈಯುವ ಮೊದಲು ಅವನ ಮುಂದೆ ಯಾರಿದ್ದರು ಎಂದು ನೋಡಬೇಕು.

ಹಣವಿದ್ದವರೇ ಯಾವಾಗಲೂ ಗೆಲ್ಲಬಾರದೆಂದು 2021ರಿಂದ ವರ್ಷದ ಖರ್ಚಿಗೆ ಮಿತಿ ಹಾಕಲಾಗಿದೆ; ಮೊದಲ ವರ್ಷ ಅದು 14.5 ಕೋಟಿ ಡಾಲರ್ ಇತ್ತು. ಚಾಲಕರ ಸಂಬಳ ಅದರಲ್ಲಿ ಸೇರುವುದಿಲ್ಲ. ಗಾಳಿ ಸುರಂಗದಲ್ಲಿ ಕಾರಿನ ಮಾದರಿಯನ್ನು ಪರೀಕ್ಷಿಸಲು ಮೊದಲ ಸ್ಥಾನದ ತಂಡಕ್ಕೆ ಎಲ್ಲರಿಗಿಂತ ಕಡಿಮೆ ಸಮಯ, ಹಿಂದುಳಿದವರಿಗೆ ಹೆಚ್ಚು ಸಮಯ ಕೊಡುತ್ತಾರೆ. 2026ರಲ್ಲಿ ನಿಯಮಗಳು ಮತ್ತೆ ಬದಲಾಗಿ, ವಿದ್ಯುತ್ತಿನ ಪಾಲು ಎಂಜಿನ್ ಶಕ್ತಿಯ ಸುಮಾರು ಅರ್ಧಕ್ಕೆ ಏರಿತು, ರೆಕ್ಕೆಗಳು ಓಡುವಾಗಲೇ ಕೋನ ಬದಲಿಸುವಂತಾದವು. ಇಂಥ ದೊಡ್ಡ ಬದಲಾವಣೆಯ ವರ್ಷಗಳಲ್ಲಿ ತಂಡಗಳ ಅಂತರ ಹಿಗ್ಗುವುದೇ ಹೆಚ್ಚು, ಆದ್ದರಿಂದ ಹಿಂದಿನ ವರ್ಷದ ಅಭಿಪ್ರಾಯಗಳನ್ನು ಹಾಗೆಯೇ ಹೊತ್ತುಕೊಂಡು ಬರುವುದು ಅಷ್ಟು ಸರಿಯಲ್ಲ.

ಒಂದೇ ಗಾಡಿ, ಇಬ್ಬರು ಚಾಲಕರು

ಎರಡು ಹೊಲಗಳ ಇಳುವರಿ ಬೇರೆಯಾದರೆ ಒಕ್ಕಲಿಗನ ಜಾಣತನವೆಂದು ಕೂಡಲೇ ಹೇಳಲಾಗದು. ಒಂದು ಎರೆ ಭೂಮಿ, ಇನ್ನೊಂದು ಮಸಾರಿ ಇರಬಹುದು. ಆದರೆ ಒಂದೇ ಹೊಲವನ್ನು ನಡುವೆ ಬದು ಹಾಕಿ ಅಣ್ಣತಮ್ಮಂದಿರು ಹಂಚಿಕೊಂಡು ಒಂದೇ ಬೀಜ ಬಿತ್ತಿದಾಗ ಹೋಲಿಕೆಗೆ ಅರ್ಥ ಬರುತ್ತದೆ. ಫಾರ್ಮುಲಾ ಒನ್‌ನಲ್ಲಿ ಆ ತಮ್ಮನೇ ಜೊತೆಗಾರ ಚಾಲಕ. ಒಬ್ಬ ಚಾಲಕನ ಶಕ್ತಿಯನ್ನು ಅಳೆಯಲು ಇರುವುದರಲ್ಲಿ ನಂಬಬಹುದಾದ ಅಳತೆಗೋಲು ಅವನೇ.

2023ರಲ್ಲಿ ನಡೆದ 22 ರೇಸ್‌ಗಳಲ್ಲಿ ರೆಡ್ ಬುಲ್ 21ನ್ನು ಗೆದ್ದಿತು. ಕಾರು ಎಂಥದ್ದೆಂದು ಹೇಳಲು ಆ ಸಂಖ್ಯೆ ಸಾಕು. ಆದರೆ ಆ 21ರಲ್ಲಿ ವರ್ಸ್ಟಪ್ಪೆನ್ ಗೆದ್ದದ್ದು 19, ಪೆರೆಜ್ ಗೆದ್ದದ್ದು 2. ಅಂಕಗಳು 575 ಮತ್ತು 285. 'ಆ ಗಾಡಿಯಲ್ಲಿ ಯಾರು ಕೂತರೂ ಗೆಲ್ಲುತ್ತಿದ್ದರು' ಎನ್ನುವ ಮಾತು ಪೆರೆಜ್‌ರ 285ರ ಮುಂದೆ ನಿಲ್ಲುವುದಿಲ್ಲ. ಪೆರೆಜ್ ಆ ವರ್ಷ ಚಾಲಕರ ಪಟ್ಟಿಯಲ್ಲಿ ಎರಡನೆಯವರಾದರು ಎಂಬುದನ್ನೂ ಮರೆಯಬಾರದು. ಗಾಡಿ ಅವರನ್ನು ಎರಡನೆಯ ಸ್ಥಾನದವರೆಗೆ ತಂದಿತು, ಅಲ್ಲಿಂದ ಮೇಲಿನ ಅಂತರ ಮನುಷ್ಯನದಾಗಿತ್ತು.

ಈ ಅಳತೆಯನ್ನು ಶನಿವಾರದ ಅರ್ಹತಾ ಸುತ್ತಿನಲ್ಲಿ ಹೆಚ್ಚು ನಿಖರವಾಗಿ ಬಳಸಬಹುದು. ಭಾನುವಾರ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನವಾಗುವುದು ಅಲ್ಲಿಯೇ. ಮೂರು ಹಂತಗಳಲ್ಲಿ ನಿಧಾನದವರನ್ನು ತೆಗೆಯುತ್ತಾ ಬಂದು, ಕೊನೆಗೆ ಉಳಿದ ಹತ್ತು ಜನ ಮುಂಚೂಣಿ ಸ್ಥಾನಕ್ಕೆ ಪೈಪೋಟಿ ನಡೆಸುತ್ತಾರೆ. ಪ್ರತಿಯೊಬ್ಬನೂ ಹೊಸ ಟೈರು, ಕಡಿಮೆ ಇಂಧನದೊಂದಿಗೆ ಗಡಿಯಾರದ ಜೊತೆ ಪೈಪೋಟಿಗಿಳಿದಂತೆ ಓಡಿಸುವುದರಿಂದ ಅದೃಷ್ಟದ ಪಾಲು ಕಡಿಮೆ. ಜೊತೆಗಾರರಿಬ್ಬರ ನಡುವೆ ಅಲ್ಲಿ ಸೆಕೆಂಡಿನ ಹತ್ತನೇ ಎರಡು ಮೂರು ಭಾಗದ ಅಂತರ ಬಂದರೂ ಅದನ್ನು ದೊಡ್ಡದೆಂದೇ ಎಣಿಸುತ್ತಾರೆ.

ಚಾಲಕ ಅವನೇ, ಗಾಡಿ ಬೇರೆ

ಇದಕ್ಕೆ ತಿರುವುಮುರುವಾದ ಪರೀಕ್ಷೆಯೂ ಒಮ್ಮೊಮ್ಮೆ ತಾನಾಗಿ ನಡೆಯುತ್ತದೆ. 2020ರ ಡಿಸೆಂಬರಿನಲ್ಲಿ ಬಹ್ರೇನ್‌ನಲ್ಲಿ ನಡೆದ ಸಖೀರ್ ಗ್ರಾಂಪ್ರಿ ಎಂಬ ರೇಸಿಗೆ ಲೂಯಿಸ್ ಹ್ಯಾಮಿಲ್ಟನ್ ಕೋವಿಡ್‌ನಿಂದಾಗಿ ಬರಲಾಗಲಿಲ್ಲ. ಮರ್ಸಿಡಿಸ್ ತಂಡ ಅವರ ಜಾಗಕ್ಕೆ ವಿಲಿಯಮ್ಸ್ ತಂಡದಿಂದ ಜಾರ್ಜ್ ರಸೆಲ್ ಎಂಬ ಯುವಕನನ್ನು ಕರೆತಂದಿತು. ಅಲ್ಲಿಯವರೆಗೆ ವಿಲಿಯಮ್ಸ್ ಕಾರಿನಲ್ಲಿ ರಸೆಲ್‌ಗೆ ಒಂದು ಅಂಕವೂ ದಕ್ಕಿರಲಿಲ್ಲ. ಮರ್ಸಿಡಿಸ್‌ನಲ್ಲಿ ಕುಳಿತ ಮೊದಲ ವಾರದಲ್ಲೇ ಅವರು ಎರಡನೆಯ ಸ್ಥಾನದಿಂದ ಹೊರಟು ಮೊದಲ ತಿರುವಿನಲ್ಲೇ ಮುಂದೆ ಹೋಗಿ ರೇಸಿನ ಬಹುಭಾಗ ಮೊದಲಿಗರಾಗಿದ್ದರು. ಆಮೇಲೆ, ರೇಸಿನ ನಡುವೆ ಟೈರು ಬದಲಿಸಲು ಟ್ರ್ಯಾಕಿನ ಪಕ್ಕದಲ್ಲಿರುವ ಜಾಗವಾದ ಪಿಟ್‌ನಲ್ಲಿ ಅವಸರಕ್ಕೆ ಜೊತೆಗಾರನಿಗೆ ಸೇರಿದ ಮುಂದಿನ ಗಾಲಿಗಳನ್ನು ಅವರ ಕಾರಿಗೆ ಹಾಕಿಬಿಟ್ಟರು; ಸರಿಪಡಿಸಲು ಮತ್ತೆ ಒಳಬರಬೇಕಾಯಿತು. ಅಷ್ಟಾಗಿಯೂ ಮುನ್ನುಗ್ಗಿ ಬರುತ್ತಿದ್ದಾಗ ಟೈರು ಪಂಕ್ಚರ್ ಆಗಿ, ಕೊನೆಗೆ ಒಂಬತ್ತನೆಯವರಾಗಿ ಮುಗಿಸಿದರು. ಫಲಿತಾಂಶದ ಪಟ್ಟಿಯಲ್ಲಿ ಕಾಣುವುದು '9' ಎಂಬ ಅಂಕಿ ಮಾತ್ರ. ನೋಡಿದವರು ಅದೊಂದು ಗೆದ್ದ ರೇಸ್ ಎಂದೇ ನೆನಪಿಟ್ಟುಕೊಂಡಿದ್ದಾರೆ.

ನಮ್ಮ ದೇಶಕ್ಕೆ ಹತ್ತಿರದ ಉದಾಹರಣೆ ಇದಕ್ಕಿಂತ ಸೊಗಸಾಗಿದೆ. ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ ತಂಡ 2008ರಲ್ಲಿ ಕಣಕ್ಕಿಳಿದು ಒಂದೂವರೆ ವರ್ಷ ಕಳೆದರೂ ಅಂಕದ ಮುಖ ನೋಡಿರಲಿಲ್ಲ. 2009ರ ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅದರ ಚಾಲಕ ಇಟಲಿಯ ಜಾನ್‌ಕಾರ್ಲೊ ಫಿಸಿಕೆಲ್ಲಾ ಶನಿವಾರ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸ್ಥಾನದಿಂದ ಹೊರಟರು. ಭಾನುವಾರ ಫೆರಾರಿಯ ಕಿಮಿ ರೈಕೊನೆನ್‌ಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾದರು. ಮುಂದಿನ ರೇಸಿಗೇ ಫೆರಾರಿ ಅವರನ್ನು ತನ್ನಲ್ಲಿಗೆ ಕರೆದುಕೊಂಡಿತು. ದೊಡ್ಡ ತಂಡ, ಹೆಸರಾಂತ ಕೆಂಪು ಕಾರು. ಆ ವರ್ಷ ಉಳಿದಿದ್ದ ಐದು ರೇಸ್‌ಗಳಲ್ಲಿ ಅವರಿಗೆ ಒಂದು ಅಂಕವೂ ಸಿಗಲಿಲ್ಲ. ಫೋರ್ಸ್ ಇಂಡಿಯಾದ ಕಾರು ನೇರ ರಸ್ತೆಯಲ್ಲಿ ಗಾಳಿಯ ತಡೆ ಕಡಿಮೆ ಇದ್ದ ಕಾರು, ಸ್ಪಾ ಉದ್ದನೆಯ ನೇರ ರಸ್ತೆಗಳ ಟ್ರ್ಯಾಕ್; ಆ ಜೋಡಿ ಕೂಡಿಬಂದಿತ್ತು. ಫೆರಾರಿಯನ್ನು ಅವರು ಅಭ್ಯಾಸವಿಲ್ಲದೆ ನಡುವರ್ಷದಲ್ಲಿ ಹತ್ತಿದ್ದರು. ಯಾವ ಕಾರು ಯಾವ ಟ್ರ್ಯಾಕಿಗೆ ಒಗ್ಗುತ್ತದೆ, ಯಾವ ಚಾಲಕನ ಕೈಗೆ ಯಾವ ಕಾರು ಒಗ್ಗುತ್ತದೆ ಎಂಬುದನ್ನು ಬಿಟ್ಟು 'ಒಳ್ಳೆಯ ಕಾರು' ಎಂಬ ಮಾತಿಗೆ ಹೆಚ್ಚು ಅರ್ಥವಿಲ್ಲ.

ಬಿಸಿ ರೊಟ್ಟಿ, ಖಡಕ್ ರೊಟ್ಟಿ

ಟೈರುಗಳನ್ನು 2011ರಿಂದ ಪಿರೆಲಿ ಕಂಪನಿಯೊಂದೇ ಎಲ್ಲ ತಂಡಗಳಿಗೂ ಒದಗಿಸುತ್ತದೆ. ಒಣ ರಸ್ತೆಗೆ ಮೂರು ಬಗೆ: ಕೆಂಪು ಪಟ್ಟಿಯದು ಮೆತ್ತನೆಯದು, ಹಳದಿ ನಡುವಿನದು, ಬಿಳಿ ಗಟ್ಟಿ. ಸಣ್ಣ ಮಳೆಗೆ ಹಸಿರು, ದೊಡ್ಡ ಮಳೆಗೆ ನೀಲಿ.

ಮೆತ್ತನೆಯ ಟೈರು ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿಯಂತೆ. ಅದರ ರುಚಿಗೆ ಸಾಟಿಯಿಲ್ಲ, ಆದರೆ ಹೊತ್ತು ಸರಿದಂತೆ ಕೆಡುತ್ತದೆ. ಗಟ್ಟಿ ಟೈರು ಖಡಕ್ ರೊಟ್ಟಿಯಂತೆ. ಮೊದಲ ತುತ್ತಿನಲ್ಲಿ ಆ ಸುಖವಿಲ್ಲ, ದಿನಗಟ್ಟಲೆ ಇಟ್ಟರೂ ಹಾಗೆಯೇ ಇರುತ್ತದೆ. ಮೆತ್ತನೆಯ ಟೈರಿನಲ್ಲಿ ಒಂದು ಸುತ್ತು ಬೇಗ ಮುಗಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಒಣ ರೇಸಿನಲ್ಲಿ ಕನಿಷ್ಠ ಎರಡು ಬಗೆಯ ಟೈರು ಬಳಸಲೇಬೇಕೆಂಬ ನಿಯಮವಿರುವುದರಿಂದ ಒಮ್ಮೆಯಾದರೂ ನಿಲ್ಲಬೇಕಾಗುತ್ತದೆ.

ಚಾಲಕನ ಕೈಚಳಕ ಹೆಚ್ಚು ಕೆಲಸ ಮಾಡುವುದು ಇಲ್ಲಿ, ಹೊಸ ಪ್ರೇಕ್ಷಕನಿಗೆ ಕಾಣದಿರುವುದೂ ಇಲ್ಲಿಯೇ. ರಬ್ಬರಿಗೆ ಹಿಡಿಸುವ ಒಂದು ಉಷ್ಣತೆಯಿದೆ. ತಣ್ಣಗಿದ್ದರೆ ಒದ್ದೆಯಾದ ಶಹಾಬಾದ್ ಫರಸಿಯ ಮೇಲೆ ಹೆಜ್ಜೆ ಇಟ್ಟ ಹಾಗೆ ಜಾರುತ್ತದೆ, ಮಿತಿಮೀರಿ ಕಾದರೆ ಹಿಡಿತ ಕಳೆದುಕೊಂಡು ಬೇಗ ಸಾಯುತ್ತದೆ. ಬ್ರೇಕನ್ನು ಎಷ್ಟು ಒತ್ತಬೇಕು, ತಿರುವಿನಿಂದ ಹೊರಬರುವಾಗ ವೇಗವನ್ನು ಎಷ್ಟು ನಯವಾಗಿ ಏರಿಸಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಹದ. ಟೈರು ಉಳಿಸಲು ಬೇಕೆಂದೇ ನಿಧಾನವಾಗಿ ಓಡಿಸುತ್ತಿರುವವನು ಮೊದಲ ಹತ್ತು ಸುತ್ತಿನಲ್ಲಿ ಹಿಂದೆ ಬಿದ್ದಂತೆ ಕಂಡರೂ ಕೊನೆಯ ಹತ್ತು ಸುತ್ತಿನಲ್ಲಿ ಆ ಸಾಲವನ್ನು ಬಡ್ಡಿ ಸಮೇತ ವಸೂಲಿ ಮಾಡಬಹುದು.

ಪಿಟ್‌ಗೆ ಹೋಗುವ ಹೊತ್ತು

ನಮ್ಮ ಬಡಾವಣೆಯ ಪಂಕ್ಚರ್ ಅಂಗಡಿಯ ಚಾಚಾ ನನ್ನ ಕಾರಿನ ಒಂದು ಗಾಲಿ ಬದಲಿಸುವಾಗ ಮೊಬೈಲಿನಲ್ಲಿ ಸಮಯ ಹಿಡಿದೆ. ಜಾಕ್ ಕೊಟ್ಟು ಎತ್ತಿ, ನಾಲ್ಕು ನಟ್ಟು ಬಿಚ್ಚಿ, ಸ್ಟೆಪ್ನಿ ಕೂರಿಸಿ, ಮತ್ತೆ ನಾಲ್ಕು ನಟ್ಟು ಬಿಗಿದು, ಕೊನೆಗೆ ಪಾನಾ ಮೇಲೆ ಕಾಲಿಟ್ಟು ಒತ್ತಿ ಏಳುವಷ್ಟರಲ್ಲಿ ಒಂಬತ್ತು ನಿಮಿಷವಾಗಿತ್ತು. ರೇಸ್ ಕಾರಿನ ಗಾಲಿಗೆ ನಡುವೆ ಒಂದೇ ನಟ್ಟು, ಪ್ರತಿ ಗಾಲಿಗೆ ಮೂವರು ಆಳು. ಮೆಕ್‌ಲಾರೆನ್ ತಂಡ 2023ರಲ್ಲಿ ಕತಾರ್‌ನಲ್ಲಿ ನಾಲ್ಕೂ ಗಾಲಿಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿದ್ದು ದಾಖಲೆ.

ಹಾಗಾದರೆ ಪಿಟ್‌ಗೆ ಹೋದರೆ ಎರಡು ಸೆಕೆಂಡು ನಷ್ಟವೇ? ಅಲ್ಲ, ಬಹಳ ಕಡೆ ಇಪ್ಪತ್ತು ಸೆಕೆಂಡಿನ ಆಸುಪಾಸು ನಷ್ಟ. ಕಲಬುರಗಿಯಿಂದ ಬೀದರಿಗೆ ಎರಡು ಬಸ್ಸು ಒಟ್ಟಿಗೆ ಹೊರಟಿವೆ ಎಂದುಕೊಳ್ಳಿ. ಒಂದು ಹುಮನಾಬಾದ್ ಬಸ್‌ಸ್ಟ್ಯಾಂಡಿನ ಒಳಗೆ ಹೋಗಿ ಬರುತ್ತದೆ, ಇನ್ನೊಂದು ಹೊರಗಿನಿಂದಲೇ ಸಾಗುತ್ತದೆ. ಸ್ಟ್ಯಾಂಡಿನಲ್ಲಿ ನಿಂತದ್ದು ಎರಡೇ ನಿಮಿಷವಾದರೂ, ಹೆದ್ದಾರಿ ಬಿಟ್ಟು ಒಳಹೊಕ್ಕು ಜನರ ನಡುವೆ ತೆವಳಿ ಮತ್ತೆ ಹೆದ್ದಾರಿ ಸೇರುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಪಿಟ್ ರಸ್ತೆಯಲ್ಲಿಯೂ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರಿನ ಮಿತಿಯಿದೆ, ಹೊರಗೆ ಉಳಿದವರು ಅದರ ಮೂರು ಪಟ್ಟು ವೇಗದಲ್ಲಿ ಓಡುತ್ತಿರುತ್ತಾರೆ.

ಈಗ ಹುಮನಾಬಾದ್ ದಾಟಿದ ಮೇಲೆ ರೈಲ್ವೆ ಗೇಟು ಬಿದ್ದಿದೆ ಎಂದುಕೊಳ್ಳಿ. ಹೊರಗಿನಿಂದ ಹೋದ ಬಸ್ಸು ಗೇಟಿನ ಮುಂದೆ ನಿಂತಿದೆ, ಸ್ಟ್ಯಾಂಡಿಗೆ ಹೋಗಿ ಬಂದದ್ದು ಅದರ ಹಿಂದೆಯೇ ಬಂದು ನಿಂತಿತು. ಸ್ಟ್ಯಾಂಡಿಗೆ ಹೋದದ್ದರ ನಷ್ಟ ಬಹುಪಾಲು ಮಾಯವಾಯಿತು. ರೇಸಿನಲ್ಲಿ ಆ ಗೇಟಿನ ಹೆಸರು ಸೇಫ್ಟಿ ಕಾರ್. ಅಪಘಾತವಾದಾಗ ರಸ್ತೆ ತೆರವು ಮಾಡುವವರೆಗೆ ಎಲ್ಲ ಕಾರುಗಳೂ ಅದರ ಹಿಂದೆ ನಿಧಾನವಾಗಿ ಸಾಲಾಗಿ ಸಾಗಬೇಕು. ಆಗ ಟೈರು ಬದಲಿಸಿದರೆ ಬಹಳ ಕಡಿಮೆ ಬೆಲೆಗೆ ಕೆಲಸ ಮುಗಿಯುತ್ತದೆ.

2025ರ ನವೆಂಬರ್ 30ರ ಕತಾರ್ ರೇಸ್ ಇದಕ್ಕೆ ಒಳ್ಳೆಯ ಪಾಠ. ಸುರಕ್ಷತೆಯ ಕಾರಣಕ್ಕೆ ಅಲ್ಲಿ ಯಾವ ಟೈರನ್ನೂ 25 ಸುತ್ತಿಗಿಂತ ಹೆಚ್ಚು ಓಡಿಸುವಂತಿರಲಿಲ್ಲ. ಒಟ್ಟು 57 ಸುತ್ತು. ಏಳನೆಯ ಸುತ್ತಿನಲ್ಲಿ ಡಿಕ್ಕಿಯಾಗಿ ಸೇಫ್ಟಿ ಕಾರ್ ಬಂತು. ಐವತ್ತೇಳರಲ್ಲಿ ಏಳು ಕಳೆದರೆ ಐವತ್ತು, ಐವತ್ತೆಂದರೆ ಸರಿಯಾಗಿ ಇಪ್ಪತ್ತೈದರ ಎರಡು ಪಾಲು. ಆಗ ಒಳಬಂದವರಿಗೆ ಮುಂದೆ ಇನ್ನೊಂದೇ ಬಾರಿ ಪೂರ್ತಿ ಬೆಲೆ ತೆತ್ತು ನಿಂತರೆ ಸಾಕು. ವರ್ಸ್ಟಪ್ಪೆನ್ ಸೇರಿ ಹೆಚ್ಚುಕಡಿಮೆ ಎಲ್ಲರೂ ಒಳಬಂದರು. ಮುಂದಿದ್ದ ಆಸ್ಕರ್ ಪಿಯಾಸ್ಟ್ರಿಯನ್ನೂ ಮೂರನೆಯವರಾಗಿದ್ದ ನಾರಿಸ್‌ರನ್ನೂ ಮೆಕ್‌ಲಾರೆನ್ ಹೊರಗೇ ಉಳಿಸಿತು. ಅವರು ಎರಡು ಬಾರಿಯೂ ಪೂರ್ತಿ ಬೆಲೆ ತೆರಬೇಕಾಯಿತು. ವರ್ಸ್ಟಪ್ಪೆನ್ ಗೆದ್ದರು, ಪಿಯಾಸ್ಟ್ರಿ ಎರಡನೆಯವರು, ನಾರಿಸ್ ನಾಲ್ಕನೆಯವರು. ಅಂದು ಪಿಯಾಸ್ಟ್ರಿ ಓಡಿಸಿದ ರೀತಿಯಲ್ಲಿ ಹುಳುಕು ಹುಡುಕುವುದು ಕಷ್ಟ. ಸೋತದ್ದು ಪಿಟ್ ಗೋಡೆಯ ಪಕ್ಕದ ಪರದೆಗಳ ಮುಂದೆ ಕುಳಿತು ಯಾವಾಗ ಒಳಬರಬೇಕೆಂದು ತೀರ್ಮಾನಿಸುವ ತಂಡದವರು.

ಸೇಫ್ಟಿ ಕಾರ್ ಬಾರದಿದ್ದಾಗ ನಡೆಯುವ ಇನ್ನೊಂದು ತಂತ್ರವೂ ಇದೆ. ಹಿಂದಿರುವವನು ಒಂದೆರಡು ಸುತ್ತು ಮೊದಲೇ ಪಿಟ್‌ಗೆ ಹೋಗಿ ಹೊಸ ಟೈರಿನ ಬಲದಿಂದ ಜೋರಾಗಿ ಓಡಿಸುತ್ತಾನೆ. ಸವೆದ ಟೈರಿನಲ್ಲಿ ಎಳೆಯುತ್ತಿದ್ದ ಮುಂದಿನವನು ಪಿಟ್ ಮುಗಿಸಿ ಹೊರಬರುವಷ್ಟರಲ್ಲಿ ಇವನು ಮುಂದೆ ಹೋಗಿರುತ್ತಾನೆ. ವರದಿಗಾರರು ಅಂಡರ್‌ಕಟ್ ಎನ್ನುವುದು ಇದಕ್ಕೇ. ರಸ್ತೆಯ ಮೇಲೆ ಒಬ್ಬರನ್ನೊಬ್ಬರು ಹಿಂದಿಕ್ಕಿದ್ದು ಯಾರಿಗೂ ಕಾಣದೆಯೇ ಸ್ಥಾನ ಬದಲಾಗಿರುತ್ತದೆ.

ಮಳೆ ಬಂದಾಗ

ಮಳೆ ಬಂದರೆ ಕಾರುಗಳ ಅಂತರ ಕುಗ್ಗಿ ಚಾಲಕರ ಅಂತರ ಹಿಗ್ಗುತ್ತದೆ ಎಂಬ ಮಾತು ಈ ಆಟದಲ್ಲಿ ಹಳೆಯದು, ಬಹುಮಟ್ಟಿಗೆ ನಿಜವೂ ಹೌದು. 2024ರ ಬ್ರೆಜಿಲ್ ರೇಸಿನಲ್ಲಿ ವರ್ಸ್ಟಪ್ಪೆನ್ 17ನೆಯ ಸ್ಥಾನದಿಂದ ಹೊರಟು ಮಳೆಯಲ್ಲಿ ಗೆದ್ದದ್ದನ್ನು ಅಭಿಮಾನಿಗಳು ಎತ್ತಿ ಹೇಳುತ್ತಾರೆ. ಆದರೆ ಅಲ್ಲಿಯೂ ಒಂದು ಎಳೆಯಿದೆ. ಮುಂದಿದ್ದ ನಾರಿಸ್ ಮತ್ತು ರಸೆಲ್ ಟೈರು ಬದಲಿಸಿದ ಸ್ವಲ್ಪ ಹೊತ್ತಿಗೇ ಅಪಘಾತದಿಂದಾಗಿ ಕೆಂಪು ಬಾವುಟ ಬಂದು ರೇಸ್ ನಿಂತಿತು. ನಿಂತಾಗ ಟೈರು ಬದಲಿಸಲು ಅವಕಾಶವಿರುವುದರಿಂದ ಹೊರಗೆ ಉಳಿದಿದ್ದ ವರ್ಸ್ಟಪ್ಪೆನ್‌ಗೆ ಅದು ಪುಕ್ಕಟೆಯಾಗಿ ಸಿಕ್ಕಿತು. ಅಷ್ಟು ಹೊತ್ತಿಗೆ ಅವರು ಮುಂಚೂಣಿಯ ಹತ್ತಿರಕ್ಕೆ ಬಂದಿದ್ದು ತಮ್ಮ ಕೈಚಳಕದಿಂದಲೇ ಎಂಬುದೂ ಅಷ್ಟೇ ಸತ್ಯ.

ಆರೇ ಕಾರು ಓಡಿದ ದಿನ

ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್. ಅವರ ಹೆಸರಿನ ಮುಂದೆ 2005ರ ಅಮೆರಿಕ ಗ್ರಾಂಪ್ರಿಯಲ್ಲಿ ನಾಲ್ಕನೆಯ ಸ್ಥಾನ, ಆಗಿನ ಲೆಕ್ಕದಂತೆ 5 ಅಂಕ ಎಂದು ದಾಖಲಾಗಿದೆ. ಜೋರ್ಡಾನ್ ಎಂಬ ಹಿಂದುಳಿದ ತಂಡದ ಕಾರಿನಲ್ಲಿ ನಾಲ್ಕನೆಯ ಸ್ಥಾನವೆಂದರೆ ಬರೀ ಪಟ್ಟಿ ನೋಡಿದವನು ಮೂಗಿನ ಮೇಲೆ ಬೆರಳಿಡಬೇಕು. ಆದರೆ ಇಂಡಿಯಾನಾಪೊಲಿಸ್‌ನಲ್ಲಿ ಆ ದಿನ, ಜೂನ್ 19ರಂದು, ಮಿಶೆಲಿನ್ ಟೈರುಗಳು ಅಲ್ಲಿನ ಓರೆಯಾದ ವೇಗದ ತಿರುವನ್ನು ತಾಳಲಾರವೆಂದು ಗೊತ್ತಾಗಿ, ಆ ಟೈರು ಹಾಕಿದ್ದ 14 ಕಾರುಗಳು ರೇಸ್ ಶುರುವಾಗುವ ಮುನ್ನವೇ ಪಿಟ್‌ಗೆ ಸರಿದುಬಿಟ್ಟವು. ಓಡಿದ್ದು ಬ್ರಿಜ್‌ಸ್ಟೋನ್ ಟೈರಿನ ಆರು ಕಾರು ಮಾತ್ರ. ಮೊದಲೆರಡು ಸ್ಥಾನ ಫೆರಾರಿಯವು, ಮೂರನೆಯದು ಕಾರ್ತಿಕೇಯನ್ ಅವರ ಜೊತೆಗಾರನದು.

ಇದರಿಂದ ಕಾರ್ತಿಕೇಯನ್ ಅವರ ಬೆಲೆ ಕಡಿಮೆಯಾಯಿತೆಂದು ನಾನು ಭಾವಿಸುವುದಿಲ್ಲ. ದೇಶದಲ್ಲಿ ಆ ಮಟ್ಟದ ಟ್ರ್ಯಾಕೇ ಇಲ್ಲದಿದ್ದ ಕಾಲದಲ್ಲಿ ಅವರು ಅಲ್ಲಿಯವರೆಗೆ ಹೋದದ್ದೇ ದೊಡ್ಡದು. ಗ್ರೇಟರ್ ನೊಯಿಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ ಮೊದಲ ರೇಸ್ ನಡೆದದ್ದು 2011ರಲ್ಲಿ, ಅದೂ ಮೂರೇ ವರ್ಷದ ಮಾತಾಯಿತು. ಹೇಳಬೇಕಾದದ್ದು ಇಷ್ಟೇ: 5 ಎಂಬ ಅಂಕಿಯಿಂದ ಅವರ ಸಾಮರ್ಥ್ಯ ಹೆಚ್ಚಾಗಿಯೂ ಗೊತ್ತಾಗುವುದಿಲ್ಲ, ಕಡಿಮೆಯಾಗಿಯೂ ಗೊತ್ತಾಗುವುದಿಲ್ಲ.

ಮೊಂಜಾದ ಮೂರು ಅಂಕ

ಮತ್ತೆ ನಾರಿಸ್ ಮತ್ತು ವರ್ಸ್ಟಪ್ಪೆನ್ ನಡುವಿನ ಆ ಎರಡು ಅಂಕದ ಅಂತರಕ್ಕೆ ಬರೋಣ. 2025ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ವರ್ಸ್ಟಪ್ಪೆನ್ ಮುಂದಿದ್ದರು, ನಾರಿಸ್ ಎರಡನೆಯವರು, ಪಿಯಾಸ್ಟ್ರಿ ಮೂರನೆಯವರು. ತಂಡದ ಮಾತಿನಂತೆ ಪಿಯಾಸ್ಟ್ರಿ ಮೊದಲು ಪಿಟ್‌ಗೆ ಹೋದರು. ಮುಂದಿನ ಸುತ್ತಿನಲ್ಲಿ ನಾರಿಸ್ ಬಂದಾಗ ಗಾಲಿಯೊಂದು ಕೂರದೆ ಆರು ಸೆಕೆಂಡಿನಷ್ಟು ಹೊತ್ತಾಯಿತು, ಅಷ್ಟರಲ್ಲಿ ಪಿಯಾಸ್ಟ್ರಿ ಮುಂದೆ ಹೋಗಿದ್ದರು. ತಪ್ಪು ತಂಡದ್ದಾದ್ದರಿಂದ ಸ್ಥಾನ ಹಿಂದಿರುಗಿಸುವಂತೆ ತಂಡ ಪಿಯಾಸ್ಟ್ರಿಗೆ ರೇಡಿಯೊದಲ್ಲಿ ಹೇಳಿತು. ಅವರು ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟರು. ತಂಡದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಎರಡನೆಯದೂ ಮೂರನೆಯದೂ ಮನೆಯೊಳಗೇ ಉಳಿದವು. ಚಾಲಕರ ಲೆಕ್ಕದಲ್ಲಿ ಮಾತ್ರ ನಾರಿಸ್‌ಗೆ 15ರ ಬದಲು 18 ಸಿಕ್ಕಿತು.

ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಇದರ ತಿರುಗಾಮುರುಗಾ ನಡೆಯಿತು. ಕಾರಿನ ಅಡಿಗೆ ಕೂರಿಸುವ ಹಲಗೆ ರೇಸ್ ಮುಗಿದಾಗ 9 ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಮೆಕ್‌ಲಾರೆನ್‌ನ ಎರಡೂ ಕಾರುಗಳ ಹಲಗೆ ಕೂದಲೆಳೆಯಷ್ಟು ಹೆಚ್ಚು ಸವೆದಿದ್ದರಿಂದ ಎರಡನ್ನೂ ಅನರ್ಹಗೊಳಿಸಿದರು. ಎರಡನೆಯವರಾಗಿದ್ದ ನಾರಿಸ್‌ರ 18, ನಾಲ್ಕನೆಯವರಾಗಿದ್ದ ಪಿಯಾಸ್ಟ್ರಿಯ 12 ಅಂಕಗಳು ಹೋದವು. ಚಾಲಕರಿಬ್ಬರೂ ಮಾಡಿದ ತಪ್ಪು ಏನೂ ಇರಲಿಲ್ಲ.

ನಮ್ಮ ಅಕ್ಕನ ಮಗ ಇದನ್ನೆಲ್ಲ ಕೇಳಿಸಿಕೊಂಡು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದ. ಮೊಂಜಾದ ಮೂರು ಅಂಕ ತೆಗೆದರೆ ನಾರಿಸ್ 420, ವರ್ಸ್ಟಪ್ಪೆನ್ 421. ವೇಗಸ್‌ನ 18 ಕೂಡಿಸಿದರೆ ನಾರಿಸ್ 441. ಹಾಗೆ ಒಂದನ್ನು ಮಾತ್ರ ಬದಲಿಸಿ ಉಳಿದದ್ದು ಇದ್ದಂತೆಯೇ ಇರುತ್ತಿತ್ತು ಎನ್ನಲಾಗದು; ಅಬುಧಾಬಿಯಲ್ಲಿ ಮೂರನೆಯ ಸ್ಥಾನ ಸಾಕೆಂದು ಗೊತ್ತಿದ್ದುದರಿಂದಲೇ ನಾರಿಸ್ ಅಪಾಯಕ್ಕೆ ಕೈಹಾಕದೆ ಓಡಿಸಿದ್ದರು. ಅವನು ಪೆನ್ನು ಕಚ್ಚುತ್ತ ಸ್ವಲ್ಪ ಹೊತ್ತು ಕುಳಿತು, "ಆ ಗಾಲಿ ಕೂಡಸೂದು ತಡಾ ಮಾಡಿದಾತ ಯಾರಂತ ಗೊತ್ತೇನ್ ಮಾಮಾ?" ಎಂದು ಕೇಳಿದ. ಅವ್ವ ಮೊರ ಕೊಡವಿ ಒಳಗೆ ಹೋದಳು.